ಲಕ್ವಾ ಹೊಡೆದಾಗ: ಮೊದಲ ತಾಸಿನಿಂದ ಮೂರನೇ ತಿಂಗಳವರೆಗೆ ಮನೆಯವರು ಮಾಡಬೇಕಾದ್ದು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಪಾರ್ಶ್ವವಾಯುವಿಗೆ ಜನ ಲಕ್ವಾ ಅಂತಲೇ ಅನ್ನುತ್ತಾರೆ. "ಬಾಯಿ ಸೊಟ್ಟಾಗೇತಿ", "ಒಂದ್ ಕಡೆ ಕೈಕಾಲು ಹೋಗ್ಯಾವ" ಎಂದು ಫೋನ್ ಬಂದರೆ ಏನಾಗಿದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊತ್ತು ಹೋಗುವುದು ಅದರ ನಂತರ. ಮೊದಲು ಊರಿನ ಡಾಕ್ಟರ ಹತ್ತಿರ ಒಂದು ಸಲೈನ್, ಆಮೇಲೆ ತಾಲ್ಲೂಕಿನ ನರ್ಸಿಂಗ್ ಹೋಮ್, ಅಲ್ಲಿಂದ ಸ್ಕ್ಯಾನ್ ಮಾಡಿಸಲು ಚೀಟಿ, ಕೊನೆಗೆ ಜಿಲ್ಲಾ ಕೇಂದ್ರ. ಮುಂಜಾನೆ 6ಕ್ಕೆ ಬಿದ್ದವರು ಮಧ್ಯಾಹ್ನ 2ಕ್ಕೆ ಸರಿಯಾದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಅವಧಿ ಮುಗಿದಿರುತ್ತದೆ. ಆ ಅವಧಿ ನಾಲ್ಕೂವರೆ ತಾಸು. ಈ ಬರಹದ ಬಹುಪಾಲು ಆ ನಾಲ್ಕೂವರೆ ತಾಸನ್ನು ಉಳಿಸಿಕೊಳ್ಳುವ ಬಗ್ಗೆ.

ಮಿದುಳಿನಲ್ಲಿ ಏನಾಗುತ್ತದೆ

ಸೋತದ್ದು ಕೈಕಾಲಾದರೂ ಕೆಟ್ಟಿರುವುದು ಮಿದುಳು. ಬಲ ಮಿದುಳು ದೇಹದ ಎಡಭಾಗವನ್ನು ನಡೆಸುತ್ತದೆ, ಎಡ ಮಿದುಳು ಬಲಭಾಗವನ್ನು. ಬಹಳಷ್ಟು ಜನರಲ್ಲಿ ಮಾತಿನ ಕೇಂದ್ರ ಎಡ ಮಿದುಳಿನಲ್ಲಿರುತ್ತದೆ. ಹಾಗಾಗಿ ಬಲಗೈ ಬಲಗಾಲು ಹೋದವರಿಗೆ ಮಾತೂ ಹೋಗುವುದು ಹೆಚ್ಚು.

ಲಕ್ವಾದಲ್ಲಿ ಎರಡು ಬಗೆ. ಮಿದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪಿನಿಂದ ಮುಚ್ಚಿಕೊಳ್ಳುವುದು ಒಂದು. ಹೆಚ್ಚಿನವರಿಗೆ ಆಗುವುದು ಇದೇ. ನಾಳ ಒಡೆದು ಮಿದುಳೊಳಗೆ ರಕ್ತ ಸೋರುವುದು ಇನ್ನೊಂದು. ಮೊದಲನೆಯದಕ್ಕೆ ರಕ್ತ ತೆಳ್ಳಗಾಗಬೇಕು, ಹೆಪ್ಪು ಕರಗಬೇಕು. ಎರಡನೆಯದಕ್ಕೆ ಅದೇ ಔಷಧ ಕೊಟ್ಟರೆ ಸೋರಿಕೆ ಹೆಚ್ಚಾಗಿ ಜೀವವೇ ಹೋಗಬಹುದು. ರೋಗಿಯನ್ನು ಕಣ್ಣಿನಿಂದ ನೋಡಿ ಯಾವ ಬಗೆ ಎಂದು ಖಚಿತವಾಗಿ ಹೇಳಲು ನರರೋಗ ತಜ್ಞರಿಗೂ ಬಾರದು, ಸಿಟಿ ಸ್ಕ್ಯಾನ್ ಬೇಕೇ ಬೇಕು. ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ಕಳೆದ ಹೊತ್ತು ವ್ಯರ್ಥ ಎನ್ನುವುದು ಇದಕ್ಕೇ.

ನಾಳ ಮುಚ್ಚಿದ ತಕ್ಷಣ ಆ ಭಾಗವೆಲ್ಲ ಒಮ್ಮೆಲೇ ಸಾಯುವುದಿಲ್ಲ. ಘಟಪ್ರಭಾ ಕಾಲುವೆಯ ಹರಿವು ನಿಂತಾಗ ತುದಿಯ ಹೊಲ ಮೊದಲು ಒಣಗುತ್ತದೆ. ಪಕ್ಕದ ಹೊಲಗಳು ಬಸಿನೀರಿನ ಮೇಲೆ ಇನ್ನೂ ಕೆಲವು ದಿನ ಬಾಡಿಕೊಂಡು ನಿಂತಿರುತ್ತವೆ, ನೀರು ಬಂದರೆ ಚಿಗುರುತ್ತವೆ. ಮಿದುಳಿನಲ್ಲೂ ನಡುಭಾಗ ನಿಮಿಷಗಳಲ್ಲಿ ಸಾಯುತ್ತದೆ, ಸುತ್ತಲಿನ ಭಾಗ ಅಕ್ಕಪಕ್ಕದ ಸಣ್ಣ ನಾಳಗಳ ಆಸರೆಯಲ್ಲಿ ಕೆಲವು ತಾಸು ಬದುಕಿರುತ್ತದೆ. ಚಿಕಿತ್ಸೆ ಉಳಿಸುವುದು ಆ ಸುತ್ತಲಿನ ಭಾಗವನ್ನು. ದೊಡ್ಡ ನಾಳ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬುದು ತಜ್ಞರ ಲೆಕ್ಕ.

ಗುರುತಿಸುವ ಬಗೆ

ಲಕ್ಷಣ ಯಾವುದೇ ಇರಲಿ, ಅದು ಒಮ್ಮೆಲೇ ಬಂದಿರುತ್ತದೆ. ಈಗಷ್ಟೇ ಚೆನ್ನಾಗಿದ್ದವರು ಈಗ ಹೀಗಿದ್ದಾರೆ ಎಂದರೆ ಮೂರು ಪರೀಕ್ಷೆ ಮಾಡಿ. ಮೂರಕ್ಕೂ ಸೇರಿ ಒಂದು ನಿಮಿಷ ಸಾಕು.

ಮೊದಲು ಮುಖ. ಹಲ್ಲು ತೋರಿಸಲು ಹೇಳಿ. ಸುಮ್ಮನೆ ಕೂತ ಮುಖದಲ್ಲಿ ಸಣ್ಣ ಸೊಟ್ಟ ಕಾಣುವುದಿಲ್ಲ, ಅದರಲ್ಲೂ ದಪ್ಪ ಮೀಸೆಯವರಲ್ಲಿ. ಹಲ್ಲು ಬಿಟ್ಟಾಗ ಒಂದು ಕಡೆಯ ತುಟಿ ಹಿಂದೆ ಉಳಿದರೆ ಗೊತ್ತಾಗುತ್ತದೆ. ನಂತರ ಕೈ. ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ ಹಾಗೇ ಹಿಡಿಯಲು ಹೇಳಿ. ನೀವು ಹತ್ತು ಎಣಿಸಿ. ಸೋತ ಕೈ ಮೆಲ್ಲಗೆ ಕೆಳಗಿಳಿಯುತ್ತದೆ, ಅಂಗೈ ಒಳಕ್ಕೆ ಹೊರಳುತ್ತದೆ. ಕಣ್ಣು ತೆರೆದಿದ್ದರೆ ರೋಗಿ ನೋಡಿಕೊಂಡು ಸರಿಮಾಡಿಬಿಡುತ್ತಾರೆ, ಆದ್ದರಿಂದ ಮುಚ್ಚಿಸಬೇಕು. ಕೊನೆಗೆ ಮಾತು. "ಇವತ್ತ ಮುಂಜಾನಿ ಹೊಲಕ್ಕ ಹೋಗಿ ಬಂದೆ" ಎಂದು ನೀವು ಹೇಳಿ, ಅವರಿಂದ ಹೇಳಿಸಿ. ನಾಲಗೆ ತೊದಲುತ್ತದೆಯೇ ನೋಡಿ. ತೊದಲದಿದ್ದರೂ ಬಿಡಬೇಡಿ: ವಾಚ್ ತೋರಿಸಿ ಇದೇನು ಎಂದು ಕೇಳಿ, ಎಡಗೈಯಿಂದ ಮೂಗು ಮುಟ್ಟಲು ಹೇಳಿ. ಕೆಲವರಿಗೆ ಉಚ್ಚಾರ ಸ್ಪಷ್ಟವೇ ಇರುತ್ತದೆ, ಆದರೆ ಪದಗಳು ಅರ್ಥವಿಲ್ಲದೆ ಕಲಸಿಹೋಗಿರುತ್ತವೆ, ನೀವು ಹೇಳಿದ್ದೂ ಅವರಿಗೆ ತಿಳಿಯುವುದಿಲ್ಲ. ಇಂಥವರನ್ನು "ಕುಡದಾನ", "ಗಾಳಿ ಸೋಕೇತಿ" ಎಂದು ಮನೆಯಲ್ಲೇ ಮಲಗಿಸುವುದುಂಟು. ಅದು ಲಕ್ವಾ.

ಮೂರರಲ್ಲಿ ಒಂದು ತಪ್ಪಿದರೂ ಹೊರಡಿ.

ಈ ಮೂರೂ ಸರಿಯಿದ್ದು ಲಕ್ವಾ ಆಗುವುದೂ ಇದೆ. ಮಿದುಳಿನ ಹಿಂಭಾಗಕ್ಕೆ ರಕ್ತ ಹೋಗುವುದು ನಿಂತಾಗ ಕೈ ಎತ್ತಲು ಬರುತ್ತದೆ, ನಿಲ್ಲಲು ಬರುವುದಿಲ್ಲ. ಒಮ್ಮೆಲೇ ತಲೆ ಗರಗರ ತಿರುಗಿ ವಾಂತಿಯಾಗುತ್ತದೆ, ನಡೆದರೆ ಒಂದೇ ಕಡೆಗೆ ಬೀಳುತ್ತಾರೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಇದನ್ನು ಪಿತ್ತ ಎಂದೋ ಕುತ್ತಿಗೆ ಎಲುಬಿನ ಸವೆತ ಎಂದೋ ತಿಳಿದು ಎರಡು ದಿನ ಮಾತ್ರೆ ನುಂಗಿಸುವುದು ಬಹಳ ಸಾಮಾನ್ಯವಾದ ತಪ್ಪು. ತಲೆಸುತ್ತಿನ ಜೊತೆಗೆ ಆಸರೆಯಿಲ್ಲದೆ ನಿಲ್ಲಲು ಆಗದಿದ್ದರೆ ಲಕ್ವಾ ಎಂದೇ ತಿಳಿಯಿರಿ. ಒಂದು ಕಣ್ಣು ಅಥವಾ ನೋಟದ ಅರ್ಧಭಾಗ ಒಮ್ಮೆಲೇ ಕತ್ತಲಾಗುವುದು, ಜೀವಮಾನದಲ್ಲಿ ಎಂದೂ ಬಾರದಂಥ ತಲೆನೋವು ಸಿಡಿಲಿನಂತೆ ಬರುವುದು ಕೂಡ ಇದೇ ಸಾಲಿನವು.

ಎಡಭಾಗ ಸೋತ ಕೆಲವು ರೋಗಿಗಳು "ನನಗೇನೂ ಆಗಿಲ್ಲ, ಸುಮ್ಮನಿರ್ರಿ" ಎಂದು ಹಠ ಹಿಡಿಯುತ್ತಾರೆ. ಬಲ ಮಿದುಳಿಗೆ ಪೆಟ್ಟಾದಾಗ ತನ್ನ ಕೈ ಸೋತಿದೆ ಎಂಬ ಅರಿವೇ ಹೋಗಿರುತ್ತದೆ. ರೋಗಿ ಮನೆಯ ಹಿರಿಯರೇ ಆಗಿದ್ದು ಬೇಡ ಎಂದರೂ ನಿಲ್ಲಬೇಡಿ. ಆ ಮಾತೂ ರೋಗದ ಲಕ್ಷಣವೇ.

ಹತ್ತು ನಿಮಿಷ ಬಾಯಿ ಸೊಟ್ಟಾಗಿ, ಕೈ ಜೋಮು ಹಿಡಿದು, ತಾನಾಗಿಯೇ ಸರಿಹೋದರೆ? ದೇವರು ದೊಡ್ಡವನು ಎಂದು ಹೊಲಕ್ಕೆ ಹೋಗುವವರೇ ಹೆಚ್ಚು. ಹೆಪ್ಪು ಒಂದು ಸಲ ಸಿಕ್ಕಿಕೊಂಡು ಕರಗಿದೆ ಅಷ್ಟೆ, ಅದು ಬಂದ ಮೂಲ ಹಾಗೇ ಇದೆ. ಇಂಥವರಿಗೆ ದೊಡ್ಡ ಲಕ್ವಾ ಬರುವ ಅಪಾಯ ಮೊದಲ 48 ತಾಸಿನಲ್ಲೇ ಅತಿ ಹೆಚ್ಚು. ಸರಿಹೋದ ದಿನವೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್, ಇಸಿಜಿ, ಕುತ್ತಿಗೆ ನಾಳದ ಪರೀಕ್ಷೆ ಮಾಡಿಸಿ ಮಾತ್ರೆ ಶುರುಮಾಡಿದರೆ ಆ ದೊಡ್ಡದನ್ನು ಬಹಳ ಮಟ್ಟಿಗೆ ತಡೆಯಬಹುದು. ಲಕ್ವಾದ ಇಡೀ ವಿಷಯದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ದೊಡ್ಡ ಲಾಭ ಸಿಗುವ ಇನ್ನೊಂದು ಜಾಗವಿಲ್ಲ.

ಗಡಿಯಾರ ನೋಡಿ, ಬರೆದುಕೊಳ್ಳಿ

ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ: ರೋಗಿ ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ? ನೀವು ನೋಡಿದ್ದು ಎಷ್ಟಕ್ಕೆ ಎಂಬುದಲ್ಲ. ಜಮಖಂಡಿ ಹತ್ತಿರದ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳಿ. ಅಜ್ಜ ರಾತ್ರಿ 10ಕ್ಕೆ ಮಲಗಿದರು. ಮುಂಜಾನೆ 5ಕ್ಕೆ ಸೊಸೆ ನೋಡಿದಾಗ ಬಲಗೈ ಬಿದ್ದಿತ್ತು. ಲೆಕ್ಕ ಶುರುವಾಗುವುದು ರಾತ್ರಿ 10ರಿಂದ, ಅಂದರೆ ಆಗಲೇ 7 ತಾಸು ಕಳೆದಿದೆ. ಆದರೆ ನಸುಕಿನ 4ಕ್ಕೆ ಅಜ್ಜ ತಾವೇ ಎದ್ದು ದನಕ್ಕೆ ಮೇವು ಹಾಕಿ ಬಂದದ್ದನ್ನು ಮೊಮ್ಮಗ ನೋಡಿದ್ದರೆ ಲೆಕ್ಕ 4ರಿಂದ, ಇನ್ನೂ ಮೂರೂವರೆ ತಾಸು ಕೈಯಲ್ಲಿದೆ. ಮೊಮ್ಮಗನ ಆ ಒಂದು ಮಾತು ಚಿಕಿತ್ಸೆಯನ್ನೇ ಬದಲಿಸುತ್ತದೆ. ಆದ್ದರಿಂದ ಹೊರಡುವ ಮುಂಚೆ ಮನೆಯಲ್ಲಿದ್ದವರನ್ನೆಲ್ಲ ಕೇಳಿ ಸಮಯ ಬರೆದುಕೊಳ್ಳಿ. ಅದನ್ನು ಬಲ್ಲವರೇ ರೋಗಿಯ ಜೊತೆ ಹೋಗಲಿ.

ಗೊತ್ತಿಲ್ಲದಿದ್ದರೆ ಅಂದಾಜಿನ ಸಮಯ ಹೇಳಬೇಡಿ, ಗೊತ್ತಿಲ್ಲ ಎನ್ನಿ. ತಪ್ಪು ಸಮಯದ ಮೇಲೆ ಕೊಟ್ಟ ಇಂಜೆಕ್ಷನ್‌ನಿಂದ ರಕ್ತಸ್ರಾವವಾಗಬಹುದು. ಸಮಯ ಮೀರಿದ್ದರೂ ತಡಮಾಡಬೇಡಿ, ಕೆಲವು ಚಿಕಿತ್ಸೆಗಳಿಗೆ 24 ತಾಸಿನವರೆಗೂ ಅವಕಾಶವಿದೆ.

ಗಾಡಿ ಬರುವವರೆಗೆ

108ಕ್ಕೆ ಫೋನ್ ಮಾಡಿ "ಲಕ್ವಾ ಹೊಡೆದಿದೆ" ಎಂದು ಅದೇ ಪದದಲ್ಲಿ ಹೇಳಿ. "ಆರಾಮಿಲ್ಲ", "ಚಕ್ರ ಬಂದಾವ" ಎಂದರೆ ತುರ್ತು ತಿಳಿಯುವುದಿಲ್ಲ. ಆಂಬುಲೆನ್ಸ್ ಎಲ್ಲಿದೆ, ಎಷ್ಟು ಹೊತ್ತಾಗುತ್ತದೆ ಕೇಳಿ. ಅದು ಬರುವುದಕ್ಕಿಂತ ಬೇಗ ಊರಿನ ಕಾರು ಅಥವಾ ಕ್ರೂಸರ್ ಹೊರಡುವುದಾದರೆ ಅದರಲ್ಲೇ ಹೊರಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಒಯ್ಯಬೇಡಿ. ಕುತ್ತಿಗೆ ಮುಂದಕ್ಕೆ ವಾಲಿ ಉಸಿರು ಕಟ್ಟುತ್ತದೆ, ಸೋತ ಕಾಲು ಚಕ್ರಕ್ಕೆ ಸಿಗುತ್ತದೆ.

ಬಾಯಿಗೆ ಏನೂ ಹಾಕಬೇಡಿ. ನೀರು, ಚಹಾ, ಸೋಡಾ, ತೀರ್ಥ, ಮಾತ್ರೆ ಯಾವುದೂ ಬೇಡ. ಲಕ್ವಾದಲ್ಲಿ ನುಂಗುವ ಸ್ನಾಯುಗಳೂ ಸೋತಿರಬಹುದು. ಹಾಕಿದ ನೀರು ಶ್ವಾಸಕೋಶಕ್ಕೆ ಇಳಿದು ಕೆಲವೇ ದಿನಗಳಲ್ಲಿ ನ್ಯುಮೋನಿಯಾ ಆಗಬಹುದು. ಲಕ್ವಾದಿಂದ ಉಳಿದು ನ್ಯುಮೋನಿಯಾದಿಂದ ಹೋದವರು ಎಷ್ಟೋ ಮಂದಿ. ಹೃದಯಾಘಾತಕ್ಕೆ ಆಸ್ಪಿರಿನ್ ಕೊಡುತ್ತಾರೆಂದು ಕೇಳಿ ಇಲ್ಲೂ ಕೊಡಬೇಡಿ. ರಕ್ತಸ್ರಾವದ ಲಕ್ವಾ ಆಗಿದ್ದರೆ ಅದು ವಿಷ.

ಬಿಪಿ ನೋಡಿ 190, 200 ಇದೆ ಎಂದು ಗಾಬರಿಯಾಗಿ ಮಾತ್ರೆ ನುಂಗಿಸುವುದು, ನಾಲಗೆ ಕೆಳಗೆ ಕ್ಯಾಪ್ಸೂಲ್ ಒಡೆದು ಹಾಕುವುದು ಇನ್ನೊಂದು ಅಪಾಯ. ನಾಳ ಮುಚ್ಚಿದಾಗ ಸುತ್ತಲಿನ ಸಣ್ಣ ನಾಳಗಳಿಗೆ ರಕ್ತ ತಳ್ಳಲು ದೇಹವೇ ಒತ್ತಡ ಏರಿಸಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ಇಳಿಸಿದರೆ ಬಾಡಿ ನಿಂತಿದ್ದ ಭಾಗವೂ ಸಾಯುತ್ತದೆ. ಎಷ್ಟು, ಯಾವಾಗ ಇಳಿಸಬೇಕು ಎಂಬುದು ಸ್ಕ್ಯಾನ್ ನೋಡಿದ ಮೇಲಿನ ಮಾತು.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಮಾತ್ರ ಉಪಯೋಗದ್ದು: ಗ್ಲುಕೋಮೀಟರ್ ಇದ್ದರೆ ಸಕ್ಕರೆ ನೋಡಿ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟಾಗ ಸಕ್ಕರೆ ತೀರಾ ಇಳಿದು ಥೇಟ್ ಲಕ್ವಾದ ಹಾಗೆ ಕೈಕಾಲು ಬೀಳಬಹುದು. 70ಕ್ಕಿಂತ ಕಡಿಮೆಯಿದ್ದರೆ ಆಂಬುಲೆನ್ಸಿನವರಿಗೆ ತಕ್ಷಣ ಹೇಳಿ, ಅವರು ರಕ್ತನಾಳಕ್ಕೆ ಗ್ಲುಕೋಸ್ ಕೊಡುತ್ತಾರೆ. ಪರೀಕ್ಷೆಗೆಂದು ಯಂತ್ರ ಹುಡುಕುತ್ತ ಹತ್ತು ನಿಮಿಷ ಕಳೆಯಬೇಡಿ.

ವಾಂತಿಯಾಗುತ್ತಿದ್ದರೆ ಅಥವಾ ಮಂಪರಿದ್ದರೆ ಒಂದು ಮಗ್ಗುಲಾಗಿ ಮಲಗಿಸಿ, ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆಯಿರಿ. ಎತ್ತುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಕೌದಿ ಅಥವಾ ಚಾದರದಲ್ಲಿ ನಾಲ್ವರು ಹಿಡಿದು ಎತ್ತಿ. ಚೀಲದಲ್ಲಿ ದಿನದ ಮಾತ್ರೆಗಳ ಪಟ್ಟಿ, ಹಳೆಯ ಚೀಟಿ, ಆಧಾರ್, ರೇಷನ್ ಕಾರ್ಡ್ ಇರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಸರೆಯಿದೆ.

ಯಾವ ಆಸ್ಪತ್ರೆ

ಇದನ್ನು ಇವತ್ತೇ, ಎಲ್ಲರೂ ಆರಾಮ ಇರುವಾಗಲೇ ಗೊತ್ತುಮಾಡಿಕೊಳ್ಳಬೇಕು. ನಿಮ್ಮ ಊರಿನಿಂದ ಮುಟ್ಟಬಹುದಾದ ಎರಡು ಆಸ್ಪತ್ರೆಗೆ ಫೋನ್ ಮಾಡಿ ಕೇಳಿ: ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುತ್ತದೆಯೇ? ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೀರಾ? ನಾಳದೊಳಗೆ ತಂತಿ ಹಾಕಿ ಹೆಪ್ಪು ತೆಗೆಯುವ ಸೌಲಭ್ಯ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಉತ್ತರವನ್ನು ಮೊಬೈಲಿನಲ್ಲಿ ನಂಬರಿನ ಜೊತೆ ಉಳಿಸಿಕೊಳ್ಳಿ.

ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ: ವಿಚಾರಿಸಲು ಶುರುಮಾಡಬೇಕಾದ್ದು ಇಂಥ ದೊಡ್ಡ ಆಸ್ಪತ್ರೆಗಳಿಂದ. ಗಡಿ ತಾಲ್ಲೂಕುಗಳಲ್ಲಿ ಜಿಲ್ಲೆಯ ಹೆಸರಿಗಿಂತ ರಸ್ತೆ ಮುಖ್ಯ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಕಾಗವಾಡದವರಿಗೆ ಮಿರಜ, ಚಡಚಣದವರಿಗೆ ಸೊಲ್ಲಾಪುರ. ಗಡಿಯಾಚೆಯ ಆಸ್ಪತ್ರೆಯಲ್ಲಿ ನಮ್ಮ ಕಾರ್ಡ್ ನಡೆಯುತ್ತದೆಯೇ ಎಂಬುದನ್ನೂ ಮೊದಲೇ ಕೇಳಿಡಿ. ಅರ್ಧ ರಾತ್ರಿಯಲ್ಲಿ ಬಾಗಿಲಲ್ಲಿ ನಿಂತು ಚರ್ಚಿಸುವ ವಿಷಯ ಅದಲ್ಲ.

ಹೊರಟ ಮೇಲೆ ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ. ವಯಸ್ಸು, ಸಮಯ, ಯಾವ ಕಡೆ ಸೋತಿದೆ ಎಂದು ಹೇಳಿದರೆ ಸ್ಕ್ಯಾನಿನವರು ಸಿದ್ಧರಿರುತ್ತಾರೆ.

ಆಸ್ಪತ್ರೆಯೊಳಗೆ

ಸಿಟಿ ಸ್ಕ್ಯಾನ್ ಕೆಲವೇ ನಿಮಿಷದ ಕೆಲಸ. ಸೋರಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ನಾಳ ಮುಚ್ಚಿದ ಲಕ್ವಾದಲ್ಲಿ ಮೊದಲ ಕೆಲವು ತಾಸು ಸ್ಕ್ಯಾನ್ ಪೂರ್ತಿ ಸರಿಯಾಗಿಯೇ ಕಾಣಬಹುದು. "ಸ್ಕ್ಯಾನ್ ನಾರ್ಮಲ್ ಐತಿ ಅಂದ್ರು, ಮನೆಗೆ ಕರ್ಕೊಂಡು ಬಂದ್ವಿ" ಎನ್ನುವ ಮಾತು ಹುಟ್ಟುವುದು ಇಲ್ಲಿಂದ. ಕೈ ಬಿದ್ದಿದ್ದು ಸ್ಕ್ಯಾನ್‌ನಲ್ಲಿ ರಕ್ತ ಕಾಣದಿದ್ದರೆ ಅದರರ್ಥ ಇಂಜೆಕ್ಷನ್ ಕೊಡಲು ದಾರಿ ತೆರೆದಿದೆ ಎಂದು. ಅಗತ್ಯಬಿದ್ದರೆ ಎಂಆರ್‌ಐ ಮಾಡುತ್ತಾರೆ, ಹೊಸ ಪೆಟ್ಟು ಅದರಲ್ಲಿ ಬೇಗ ಕಾಣುತ್ತದೆ.

ಇಂಜೆಕ್ಷನ್‌ನ ಹೆಸರು ಆಲ್ಟೆಪ್ಲೇಸ್. ಪ್ರತಿ ಕಿಲೋ ತೂಕಕ್ಕೆ 0.9 ಮಿಲಿಗ್ರಾಂ, ಒಟ್ಟು 90 ಮಿಲಿಗ್ರಾಂ ಮೀರುವಂತಿಲ್ಲ. 60 ಕಿಲೋ ಇರುವವರಿಗೆ 54 ಮಿಲಿಗ್ರಾಂ: ಅದರಲ್ಲಿ 5.4 ಮೊದಲ ಒಂದು ನಿಮಿಷದಲ್ಲಿ, ಉಳಿದ 48.6 ಪಂಪ್ ಮೂಲಕ ಒಂದು ತಾಸಿನಲ್ಲಿ. ಅದಕ್ಕೇ ರೋಗಿಯ ತೂಕ ಕೇಳುತ್ತಾರೆ, ಗೊತ್ತಿದ್ದರೆ ಹೇಳಿ. ಒಂದೇ ಸಲ ಚುಚ್ಚಿ ಮುಗಿಸುವ ಟೆನೆಕ್ಟೆಪ್ಲೇಸ್ ಎಂಬ ಇನ್ನೊಂದು ಔಷಧವೂ ಬಳಕೆಯಲ್ಲಿದೆ. ಕೊಡುವ ಮೊದಲು ಬಿಪಿ 185/110ಕ್ಕಿಂತ ಕೆಳಗೆ ಬರಬೇಕು. ಇತ್ತೀಚೆಗೆ ದೊಡ್ಡ ಆಪರೇಷನ್, ಮೂರು ತಿಂಗಳೊಳಗೆ ತಲೆಗೆ ಗಂಭೀರ ಪೆಟ್ಟು, ಹೊಟ್ಟೆಯಲ್ಲಿ ರಕ್ತಸ್ರಾವ, ರಕ್ತ ತೆಳ್ಳಗಾಗುವ ಮಾತ್ರೆ ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಿ.

ಸಹಿ ಕೇಳುವಾಗ ವೈದ್ಯರು ಅಪಾಯ ಹೇಳುತ್ತಾರೆ: ನೂರರಲ್ಲಿ ಸುಮಾರು 6 ಜನರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಇದನ್ನು ಕೇಳಿ ಮನೆಯವರು ಹೊರಗೆ ಬಂದು, ಊರಿಗೆ ಫೋನ್ ಹಚ್ಚಿ, ಮಾವ, ದೊಡ್ಡಪ್ಪ, ಗೌಡರು ಎಲ್ಲರನ್ನೂ ಕೇಳಿ ನಿರ್ಧಾರಕ್ಕೆ ಬರುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿರುತ್ತದೆ. ತಡವಾದಷ್ಟೂ ಔಷಧದ ಲಾಭ ಕಡಿಮೆ. ಈ ಮಾತನ್ನು ದಾರಿಯಲ್ಲೇ ಮುಗಿಸಿಕೊಂಡು, ಸಹಿ ಹಾಕುವ ಅಧಿಕಾರ ಯಾರದು ಎಂದು ಗೊತ್ತುಮಾಡಿಕೊಂಡು ಒಳಗೆ ಹೋಗಿ. ಇಂಜೆಕ್ಷನ್ ಕೊಟ್ಟ ಕೂಡಲೇ ಕೈ ಏಳುವುದು ಕೆಲವರಲ್ಲಿ ಮಾತ್ರ. ಇದರ ಫಲವನ್ನು ಅಳೆಯುವುದು ಮೂರು ತಿಂಗಳ ನಂತರ, ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾರೆಯೇ ಎಂಬುದರ ಮೇಲೆ.

ದೊಡ್ಡ ನಾಳ ಮುಚ್ಚಿದ್ದರೆ ಇಂಜೆಕ್ಷನ್ ಒಂದೇ ಸಾಲದು. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಮಿದುಳಿನವರೆಗೆ ಒಯ್ದು ಹೆಪ್ಪನ್ನು ಎಳೆದು ತೆಗೆಯುತ್ತಾರೆ. 6 ತಾಸಿನೊಳಗೆ ಇದು ಒಳ್ಳೆಯದು. ಸ್ಕ್ಯಾನ್‌ನಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡರೆ 24 ತಾಸಿನವರೆಗೂ ಮಾಡುವುದಿದೆ. ರಕ್ತಸ್ರಾವದ ಲಕ್ವಾದಲ್ಲಿ ದಾರಿ ಬೇರೆ: ಮೇಲಿನ ಬಿಪಿಯನ್ನು ಸುಮಾರು 140ರ ಹತ್ತಿರ ಇಳಿಸುವುದು, ರಕ್ತ ತೆಳ್ಳಗಾಗಿದ್ದರೆ ಅದಕ್ಕೆ ಪ್ರತಿ ಔಷಧ, ಕೆಲವರಿಗೆ ಮಾತ್ರ ಆಪರೇಷನ್.

ನುಂಗುವುದು, ಹೆಗಲು, ಮಗ್ಗುಲು

ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಂದ ಏನೂ ಇಲ್ಲ, ಬೇಕಿದ್ದರೆ ಮೂಗಿನ ನಳಿಕೆ. ನೋಡಲು ಬಂದ ನೆಂಟರು ಪ್ರೀತಿಯಿಂದ ಎಳನೀರು ಕುಡಿಸುತ್ತಾರೆ, ಕಾವಲಿರಿ. ನುಂಗಲು ಅತಿ ಕಷ್ಟವಾದದ್ದು ನೀರು, ಚಹಾ, ಮಜ್ಜಿಗೆ, ತಿಳಿ ಅಂಬಲಿಯಂಥ ತೆಳು ಪದಾರ್ಥ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಗಂಟಿಲ್ಲದಂತೆ ಹಿಸುಕಿ ಮಂದವಾಗಿ ಕೊಡುವುದು ಸುರಕ್ಷಿತ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿಸಿ, ಚಿಕ್ಕ ಚಮಚದಲ್ಲಿ ಸರಿಯಿರುವ ಕೆನ್ನೆಯ ಕಡೆಗೆ ಹಾಕಿ. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಕೆಮ್ಮು ಬಂದರೆ ಅಥವಾ ದನಿ ಗೊರಗೊರ ಆದರೆ ನಿಲ್ಲಿಸಿ. ಉಂಡ ಮೇಲೆ ಅರ್ಧ ತಾಸು ಮಲಗಿಸಬೇಡಿ.

ಹಾಸಿಗೆಯಲ್ಲಿದ್ದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದ ಎಲುಬಿನ ಜಾಗ ದಿನಕ್ಕೊಮ್ಮೆ ನೋಡಿ. ಒತ್ತಿದರೂ ಹೋಗದ ಕೆಂಪು ಹುಣ್ಣಿನ ಮೊದಲ ಗುರುತು.

ಸೋತ ಹೆಗಲನ್ನು ಹೆಚ್ಚಿನ ಮನೆಗಳಲ್ಲಿ ಗೊತ್ತಿಲ್ಲದೆಯೇ ಕೆಡಿಸುತ್ತಾರೆ. ಸ್ನಾಯುವಿನ ಬಿಗಿ ಹೋದ ಹೆಗಲು ತೋಳಿನ ಭಾರಕ್ಕೇ ಕೀಲಿನಿಂದ ಜಾರುತ್ತದೆ. ಕಂಕುಳಲ್ಲಿ ಕೈ ಹಾಕಿ ಎತ್ತುವುದು, ಅಂಗಿ ತೊಡಿಸಲು ಕೈ ಎಳೆಯುವುದು ಅದನ್ನು ಇನ್ನೂ ಕೆಡಿಸುತ್ತದೆ. ಆಮೇಲೆ ಬರುವ ನೋವಿನಿಂದ ರೋಗಿ ವ್ಯಾಯಾಮವನ್ನೇ ಬಿಡುತ್ತಾರೆ. ಕೂತಾಗ ತೋಳಿನ ಕೆಳಗೆ ದಿಂಬು ಇರಲಿ. ಅಂಗಿ ತೊಡಿಸುವಾಗ ಮೊದಲು ಸೋತ ಕೈ, ಬಿಚ್ಚುವಾಗ ಕೊನೆಗೆ ಸೋತ ಕೈ. ಎಬ್ಬಿಸುವಾಗ ಸೊಂಟಕ್ಕೆ ಕಟ್ಟಿದ ಪಟ್ಟಿ ಹಿಡಿದು ಎಬ್ಬಿಸಿ.

ಮೂರು ತಿಂಗಳು

ಚೇತರಿಕೆ ಅತಿ ವೇಗವಾಗಿ ಆಗುವುದು ಮೊದಲ ಮೂರು ತಿಂಗಳು. ನಂತರವೂ ಆಗುತ್ತದೆ, ನಿಧಾನವಾಗಿ. ರೋಗಿ ಸ್ಥಿರವಾದ ಒಂದೆರಡು ದಿನದಲ್ಲೇ ಫಿಸಿಯೋಥೆರಪಿ ಶುರುವಾಗಬೇಕು. ಮಿದುಳು ಕಲಿಯುವುದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದಾಗ. ಇನ್ನೊಬ್ಬರು ಕೈ ಹಿಡಿದು ಆಡಿಸಿದರೆ ಕೀಲು ಬಿಗಿಯುವುದು ತಪ್ಪುತ್ತದೆ, ಶಕ್ತಿ ಬರಬೇಕಾದರೆ ರೋಗಿ ತಾವೇ ಪ್ರಯತ್ನಿಸಬೇಕು. ಲೋಟ ಹಿಡಿದು ಎತ್ತಿಡುವುದು, ಮೊರದಲ್ಲಿ ಹಾಕಿದ ಶೇಂಗಾ ಒಂದೊಂದೇ ಆರಿಸಿ ಡಬ್ಬಿಗೆ ಹಾಕುವುದು, ಕುರ್ಚಿಯಿಂದ ಎದ್ದು ಕೂರುವುದು: ದಿನಕ್ಕೆ ನಾಲ್ಕೈದು ಸಲ, ಸುಸ್ತಾಗದಷ್ಟು. ಮಾತು ಹೋದವರ ಜೊತೆ ಚಿಕ್ಕ ವಾಕ್ಯದಲ್ಲಿ ಮಾತಾಡಿ, ಉತ್ತರಕ್ಕೆ ಕಾಯಿರಿ. ಅವರಿಗೆ ಬುದ್ಧಿ ಹೋಗಿಲ್ಲ.

ಲಕ್ವಾ ಆದ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಊಟ ಬೇಡ, ವ್ಯಾಯಾಮ ಬೇಡ, ಗೋಡೆ ಕಡೆ ಮುಖ ಮಾಡಿ ಮಲಗುವುದು ಸೋಮಾರಿತನವಲ್ಲ. ಅದಕ್ಕೂ ಮಾತ್ರೆಯಿದೆ, ವೈದ್ಯರಿಗೆ ಹೇಳಿ.

ನಾಟಿ ಔಷಧದ ಮಾತು ಇಲ್ಲಿ ಬರಲೇಬೇಕು. ಪಾರಿವಾಳದ ರಕ್ತ ಹಚ್ಚುವುದು, ಬರೆ ಹಾಕುವುದು, ಬಿಸಿ ಶಾಖ ಕೊಡುವುದು ಇನ್ನೂ ನಡೆದಿದೆ. ಸ್ಪರ್ಶ ಹೋದ ಚರ್ಮಕ್ಕೆ ಬಿಸಿ ಗೊತ್ತಾಗದೆ ಸುಟ್ಟು, ಆ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ. ಹಾಗಾದರೆ ನಾಟಿ ಔಷಧಕ್ಕೆ ಹೋದವರಿಗೆ ಗುಣವಾಗುವುದು ಹೇಗೆ? ಮುಖದ ನರವೊಂದೇ ಊದಿಕೊಂಡು ಬಾಯಿ ಸೊಟ್ಟಾಗುವ ಬೇರೊಂದು ಕಾಯಿಲೆಯಿದೆ. ಅದರಲ್ಲಿ ಕೈಕಾಲಿಗೆ ಏನೂ ಆಗುವುದಿಲ್ಲ, ಆ ಕಡೆಯ ಕಣ್ಣು ಮುಚ್ಚುವುದಿಲ್ಲ, ಹಣೆಯ ಗೆರೆಯೂ ಮೂಡುವುದಿಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ನಿಜವಾದ ಲಕ್ವಾದಲ್ಲೂ ಮೊದಲ ವಾರಗಳಲ್ಲಿ ಅಷ್ಟಿಷ್ಟು ಚೇತರಿಕೆ ಸಹಜ. ಕೀರ್ತಿ ಮಾತ್ರ ಔಷಧಕ್ಕೆ ಸಲ್ಲುತ್ತದೆ. ಬರೀ ಎಣ್ಣೆ ತಿಕ್ಕುವುದರಿಂದ ಕೆಡುಕಿಲ್ಲ. ಅದರ ನೆವದಲ್ಲಿ ಮೊದಲ ತಾಸುಗಳನ್ನು, ಬಿಪಿ ಮಾತ್ರೆಯನ್ನು ಬಿಡುವುದರಿಂದ ಇದೆ. ಮುಖ ಮಾತ್ರ ಸೊಟ್ಟಾಗಿದ್ದರೂ ಮೊದಲು ಆಸ್ಪತ್ರೆಗೇ ಹೋಗಿ, ವ್ಯತ್ಯಾಸ ವೈದ್ಯರು ಹೇಳಲಿ.

ಯಾಕೆ ಬಂತು, ಮತ್ತೆ ಬಾರದಿರಲು ಏನು

ಕಾರಣಗಳಲ್ಲಿ ಬಿಪಿಗೆ ಮೊದಲ ಸ್ಥಾನ, ಎರಡನೆಯದು ಬಹಳ ಹಿಂದೆ. ಬಿಪಿ ಮಾತ್ರೆ ನುಂಗಿ 130ಕ್ಕೆ ಬಂದಾಗ "ಕಡಿಮಿ ಆತು" ಎಂದು ಬಿಟ್ಟವರೇ ಲಕ್ವಾ ವಾರ್ಡಿನಲ್ಲಿ ಹೆಚ್ಚು ಸಿಗುತ್ತಾರೆ. ಕಡಿಮೆಯಾದದ್ದು ಮಾತ್ರೆಯಿಂದ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ, ಜನೌಷಧಿ ಅಂಗಡಿಯಲ್ಲಿ ಬಹಳ ಅಗ್ಗ. ಅಳೆಯುವ ಮುಂಚೆ ಅರ್ಧ ತಾಸು ಚಹಾ, ತಂಬಾಕು ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಮಾತಾಡದೆ ಎರಡು ಸಲ ಅಳೆಯಿರಿ. ಲಕ್ವಾ ಆದವರಲ್ಲಿ ಸಾಮಾನ್ಯವಾಗಿ 130/80ರ ಕೆಳಗೆ ಇರುವಂತೆ ನೋಡಿಕೊಳ್ಳುತ್ತಾರೆ.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮಟ್ಟಸ. ನಮ್ಮ ಜೋಳದ ರೊಟ್ಟಿಯಲ್ಲಿ ಉಪ್ಪು ಕಡಿಮೆ, ಅದು ನಮ್ಮ ಪುಣ್ಯ. ಏರುವುದು ಪಕ್ಕದಲ್ಲಿ ಬಡಿಸುವ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ ಭಜಿಯಿಂದ. ಬೀಡಿ, ಗುಟ್ಖಾ, ಸುಣ್ಣ ತಂಬಾಕು, ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ ಎಲ್ಲವೂ ತಂಬಾಕೇ. ಸಕ್ಕರೆ ಕಾಯಿಲೆ, ಕೊಬ್ಬು, ಅತಿ ಕುಡಿತವೂ ಇದೇ ಪಟ್ಟಿಗೆ ಸೇರುತ್ತವೆ.

ಹೃದಯದಿಂದ ಬರುವ ಲಕ್ವಾ ಬೇರೆ ಜಾತಿಯದು. ಬಡಿತ ತಾಳತಪ್ಪಿದಾಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರುತ್ತದೆ. ಹೆಬ್ಬೆರಳಿನ ಬುಡದ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡಿ, ಬಡಿತಗಳ ನಡುವಿನ ಅಂತರ ಹೆಚ್ಚುಕಮ್ಮಿ ಆಗುತ್ತಿದ್ದರೆ ಇಸಿಜಿ ಮಾಡಿಸಿ. ಮೂವತ್ತರ ಆಸುಪಾಸಿನವರಿಗೆ ಲಕ್ವಾ ಆದರೆ ಚಿಕ್ಕಂದಿನ ಕೀಲುವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟಿದೆಯೇ ಎಂದು ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡುತ್ತಾರೆ.

ಬಾಣಂತಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಆಗ ಮೈ ಊದುತ್ತದೆಂದು ನೀರು ಅಳೆದು ಕೊಟ್ಟು, ಬಿಸಿ ಕೋಣೆಯಲ್ಲಿ ಬೆವರಿಸಿದರೆ ಮಿದುಳಿನಿಂದ ರಕ್ತ ವಾಪಸು ತರುವ ನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಏರುತ್ತದೆ. ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋಲುವುದು ಇದರ ಗುರುತು. ದೆವ್ವ, ಗಾಳಿ ಎಂದು ತಾಯತ ಕಟ್ಟದೆ ಆಸ್ಪತ್ರೆಗೆ ಒಯ್ದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಬಾಣಂತಿಗೆ ಬಾಯಾರಿದಾಗಲೆಲ್ಲ ನೀರು ಕೊಡಿ.

ನಾಳ ಮುಚ್ಚಿ ಲಕ್ವಾ ಆದವರಿಗೆ ಬಿಡುಗಡೆಯಾಗುವಾಗ ಸಾಮಾನ್ಯವಾಗಿ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಕೊಬ್ಬಿನ ಮಾತ್ರೆ, ಬಿಪಿ ಮಾತ್ರೆ ಬರೆದಿರುತ್ತಾರೆ. ಲಕ್ವಾ ಸಣ್ಣದಿದ್ದರೆ ಮೊದಲ 21 ದಿನ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಕೊಟ್ಟು, ಆಮೇಲೆ ಒಂದನ್ನು ನಿಲ್ಲಿಸುವುದುಂಟು. ಯಾವುದನ್ನು ನಿಲ್ಲಿಸಬೇಕು ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ, ಎರಡನ್ನೂ ಬಿಡುವವರು ಬಹಳ. ತಾಳತಪ್ಪಿದ ಹೃದಯಕ್ಕೆ ಅಥವಾ ಕವಾಟದ ಕಾಯಿಲೆಗೆ ರಕ್ತ ತೆಳ್ಳಗಾಗಿಸುವ ಅಸಿಟ್ರೋಮ್, ವಾರ್ಫರಿನ್ ಮಾತ್ರೆ ನುಂಗುವವರು, ರಕ್ತ ಎಷ್ಟು ತೆಳ್ಳಗಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ಅದು ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರಬೇಕು: ಕಡಿಮೆಯಾದರೆ ಮತ್ತೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ನೋವಿನ ಮಾತ್ರೆ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಹರಿಯಬಹುದು. ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಐಎನ್‌ಆರ್ ಬರೆದ ಚೀಟಿ ಸದಾ ಜೇಬಿನಲ್ಲಿ ಅಥವಾ ಎಲೆಅಡಿಕೆ ಚಂಚಿಯಲ್ಲಿ ಇರಲಿ.